ಹಳೇ ಮಿಲ್ಲಿನ ಐದನೇ ಬೀಮು

ಫೆಬ್ರವರಿ 3. ಸಾಗರ

ಇವತ್ತು ಎರಡು ಮನೆಯ ಪ್ಲಾನು, ಒಂದು ಕಾಂಪೌಂಡ್ ಗೋಡೆ, ಒಂದು ಜಗಳ. ಜಗಳ ಕಾಂಪೌಂಡಿನದೇ. ಅಣ್ಣ ತಮ್ಮ ಇಬ್ಬರೂ ಆಫೀಸಿಗೆ ಬಂದು ನನ್ನ ಮೇಜಿನ ಮೇಲೇ ಗಡಿ ಹಾಕಿದರು. ಕಂಠ ಏರಿಸಿ ಒಂದು ಮಾತು ಹೇಳಿದೆ. ತಣ್ಣಗಾದರು. ಊರ ನಾಟಕದಲ್ಲಿ ವರ್ಷಾನುಗಟ್ಟಲೆ ದುಷ್ಟ ಮಂತ್ರಿಯಾದವನ ಕಂಠ ಅದು — ಮೈಕು ಕೈಕೊಟ್ಟಾಗಲೂ ಕೊನೆಯ ಚಾಪೆಯವರೆಗೆ ಮುಟ್ಟಿದ್ದು. ಅಪ್ಪ ಹಾರ್ಮೋನಿಯಂ ಮೇಷ್ಟ್ರು. ನಾನು ಅಕ್ಷರಕ್ಕಿಂತ ಮೊದಲು ಕಂದಪದ್ಯ ಕಲಿತವನು. ಇಂಜಿನಿಯರಿಂಗ್ ಆಮೇಲೆ ಬಂತು.

ನಾಳೆ ಹೊಸನಗರ. ಪ್ರತಿಮಾ ಫೋನ್ ಮಾಡಿದ್ದರು. ಹಳೇ ರೈಸ್ ಮಿಲ್ಲನ್ನು ಹೊಲಿಗೆ ಕೇಂದ್ರ ಮಾಡುತ್ತಿದ್ದಾರೆ. ಮಿಲ್ಲಿನೊಳಗೆ ಐದು ಕಬ್ಬಿಣದ ಬೀಮು ಹಾಯಿಸಿ ಒಂದು ಮೇಲಂತಸ್ತು; ಅದರ ಮೇಲೆ ಹೊಲಿಗೆ ಯಂತ್ರ, ಬಟ್ಟೆಯ ಬೇಲು, ಮೂವತ್ತು ಹೆಂಗಸರು. ಡಿಸೈನ್ ನನ್ನದು. ಕೆಲಸ ಮುಗಿದಿದೆ, ನೋಡಿ ಸರ್ಟಿಫಿಕೇಟ್ ಕೊಡಿ ಅಂದರು.

ಬೀಮು ಕೂರಿಸಿದವನು ಸುರೇಂದ್ರ. ನಮ್ಮೂರವನೇ, ಈಗ ತೀರ್ಥಹಳ್ಳಿಯಲ್ಲಿ ವೆಲ್ಡಿಂಗ್ ಶೆಡ್ಡು ಇಟ್ಟಿದ್ದಾನೆ. ನಾಟಕದಲ್ಲಿ ನನ್ನೆದುರು ನಿಷ್ಠಾವಂತ ಸೇನಾಪತಿ. ಪ್ರತಿವರ್ಷ ನನ್ನನ್ನು ಇರಿದು ಚಪ್ಪಾಳೆ ಗಿಟ್ಟಿಸುವ ಪುಣ್ಯಾತ್ಮ.

ಫೆಬ್ರವರಿ 4. ಸಂಜೆ

ಏನೋ ಸರಿಯಿಲ್ಲ.

ಬೀಮಿಗೆ ಮೂರು ಗಂಡಾಂತರ. ಬೆಂಡಿಂಗ್ — ಭಾರಕ್ಕೆ ನಡು ಬಾಗಿ ಸೋಲುವುದು. ಅದು ಸಿಂಹಾಸನದ ಮೇಲೆ ರಾಜ ಕುಸಿದಂತೆ, ಇಡೀ ಸಭೆಗೆ ಕಾಣುತ್ತದೆ. ಶಿಯರ್ — ಗೋಡೆಯ ಬುಡದಲ್ಲಿ ಕತ್ತರಿಸಿ ಹೋಗುವುದು. ಪರದೆಯ ಸಂದಿಯಿಂದ ಬರುವ ಕಠಾರಿ. ಡಿಫ್ಲೆಕ್ಷನ್ — ಮುರಿಯದೆ ಜೋತು ಬೀಳುವುದು. ಇದರಿಂದ ಸಾವಿಲ್ಲ. ಆದರೆ ಒಳಗೆ ಏನು ನಡೆದಿದೆ ಎಂದು ಚಾಡಿ ಹೇಳುವುದು ಇದೇ.

ಇವತ್ತು ಹೇಳಿತು. ಗೋಡೆಯಿಂದ ಗೋಡೆಗೆ ದಾರ ಎಳೆದು ನಡುವಿನಲ್ಲಿ ಅಳೆದೆ. ಬರೀ ನೆಲದ ಭಾರಕ್ಕೆ ಏಳೆಂಟು ಮಿಲಿಮೀಟರ್ ಇಳಿಯಬೇಕು. ಮೊದಲ ಮೂರು ಬೀಮು ಹೆಚ್ಚುಕಡಿಮೆ ಆಸುಪಾಸಿನಲ್ಲಿವೆ. ನಾಲ್ಕನೆಯದು ಹನ್ನೆರಡು. ರಸ್ತೆ ಕಡೆಯ ಐದನೆಯದು ಹದಿಮೂರು. ಇನ್ನೂ ಒಂದು ಯಂತ್ರವೂ ಬಂದಿಲ್ಲ.

ಮತ್ತೊಂದು. ಬೀಮುಗಳಿಗೆಲ್ಲ ಪ್ಲೈವುಡ್ಡಿನ ಪೆಟ್ಟಿಗೆ ಹೊಡೆದು ಹಲಸಿನ ಮರದ ಬಣ್ಣ ಬಳಿದಿದ್ದಾರೆ. ಕಬ್ಬಿಣ ಒಂದಿಂಚೂ ಕಾಣುವುದಿಲ್ಲ.

"ಇದು ಯಾರು ಮಾಡಿಸಿದ್ದು?" ಎಂದೆ.

"ಪ್ರತಿಮಕ್ಕ ಹೇಳಿದ್ರು ಮೂರ್ತಣ್ಣ. ಬರೀ ಕಬ್ಬಿಣ ಕಂಡ್ರೆ ಬಸ್ ಸ್ಟ್ಯಾಂಡ್ ಇದ್ದಂಗೆ ಕಾಣ್ತದಂತೆ," ಅಂದ ಸುರೇಂದ್ರ.

"ನಾನು ನೋಡೋಕೆ ಮುಂಚೆಯಾ?"

"ನೀವು ನಾಳೆ ಬರ್ತೀನಿ ನಾಡಿದ್ದು ಬರ್ತೀನಿ ಅಂದ್ರಿ. ಬಡಗಿ ಸಿಗೋದೇ ಕಷ್ಟ. ಸಿಕ್ಕಿದಾಗ ಮಾಡ್ಸದಪ್ಪ."

ನ್ಯಾಯವಾದ ಉತ್ತರ. ತೀರಾ ನ್ಯಾಯವಾದ ಉತ್ತರ. ಬಾಯಿಪಾಠ ಮಾಡಿಕೊಂಡು ಬಂದ ಮಾತಿಗೆ ಒಂದು ಲಯವಿರುತ್ತದೆ. ನನಗೆ ಗೊತ್ತು ಆ ಲಯ.

ಇಳಿತದ ವಿಷಯ ಅವನಿಗೆ ಹೇಳಲಿಲ್ಲ. ಪ್ರತಿಮಾಗೆ ಮಾತ್ರ, ಸರ್ಟಿಫಿಕೇಟಿಗೆ ಸ್ವಲ್ಪ ದಿನ ಬೇಕು ಅಂದೆ. "ಯಾಕ್ ಸಾರ್? ಮಾರ್ಚಿ ಹತ್ತಕ್ಕೆ ಓಪನಿಂಗು. ಎಲ್ಲರಿಗೂ ಹೇಳಿ ಆಗಿದೆ," ಅಂದರು. ಮುಖ ಸಪ್ಪಗಾಯಿತು.

ಫೆಬ್ರವರಿ 5

ಲೆಕ್ಕ ಹಾಕಿದೆ. ನಾನು ಬರೆದದ್ದು ಮುನ್ನೂರರ ಬೀಮು — ಮುನ್ನೂರು ಮಿಲಿಮೀಟರ್ ಎತ್ತರದ್ದು. ಅದರ ಜಾಗದಲ್ಲಿ ಇನ್ನೂರೈವತ್ತರದ್ದು ಹಾಕಿದ್ದರೆ? ಹಗುರ, ಅಗ್ಗ, ಪೆಟ್ಟಿಗೆಯೊಳಗೆ ಯಾರಿಗೂ ಕಾಣದು. ಇಳಿತ ಎಷ್ಟು ಬರುತ್ತದೆ?

ಹನ್ನೆರಡರ ಮೇಲೆ.

ಪೆನ್ನು ಕೆಳಗಿಟ್ಟೆ. ಲೆಕ್ಕ ಕೂತಿತು, ಬಾಗಿಲಿಗೆ ಚಿಲಕ ಕೂತಂತೆ. ಐದನ್ನೂ ಬದಲಿಸಿಲ್ಲ, ಎರಡು ಮಾತ್ರ — ಬುದ್ಧಿವಂತ ಕಳ್ಳ ಇಡೀ ಕಣಜ ಬರಿದು ಮಾಡುವುದಿಲ್ಲ.

ಶ್ಯಾಮಲಾ ಕಾಫಿ ತಂದಳು. "ಎಂತ್ರೀ, ಮಂತ್ರಿ ಮುಖ ಹಾಕ್ಕೊಂಡು ಕೂತಿದೀರಿ? ನಾಟಕ ಏಪ್ರಿಲ್ಲಿಗಲ್ವಾ?"

ಹೇಳಿದೆ.

"ಸುರೇಂದ್ರನಾ?" ನಕ್ಕಳು. "ಹೋದ ವರ್ಷ ಹಾಲಿನವನಿಗೂ ಹಿಂಗೇ ಅಂದ್ರಿ. ನೀರು ಬೆರೆಸ್ತಾನೆ ಅಂತ ಲ್ಯಾಕ್ಟೋಮೀಟರ್ ತಂದ್ರಿ. ಹಾಲು ಚೆನ್ನಾಗೇ ಇತ್ತು. ಈಗ ಪ್ಯಾಕೆಟ್ ಹಾಲು ಕುಡೀತಿದೀವಿ."

ಹಾಲು ಬೇರೆ, ಬೀಮು ಬೇರೆ. ಹಾಲಿನ ಮೇಲೆ ಯಾರೂ ಕೂರುವುದಿಲ್ಲ.

ಫೆಬ್ರವರಿ 8

ತೀರ್ಥಹಳ್ಳಿ. ಮನೆಯಲ್ಲಿ ಸಿಮೆಂಟ್ ಡೀಲರ್ ನೋಡಬೇಕು ಅಂದಿದ್ದೆ. ಸುರೇಂದ್ರನ ಶೆಡ್ಡಿನ ಎದುರು ಒಂದು ಚಹಾದಂಗಡಿ ಇದೆ. ಹೆಲ್ಮೆಟ್ ತೆಗೆಯದೆ ಎರಡು ಚಹಾ ಕುಡಿದೆ. ಕುಡಿಯುವುದು ಕಷ್ಟವೇ.

ಅವನು ಊಟಕ್ಕೆ ಹೋದ ಮೇಲೆ ಶೆಡ್ಡಿನ ಹಿಂದಕ್ಕೆ ಹೋಗಿ ನೋಡಿದೆ. ಟಾರ್ಪಾಲಿನ ಅಡಿ ಎರಡು ಬೀಮು. ಗೇಣು ಹಾಕಿ ಅಳೆದೆ, ಆಮೇಲೆ ಟೇಪು. ಮುನ್ನೂರು.

ಎರಡು. ಮಿಲ್ಲಿನಲ್ಲಿ ಜೋತದ್ದೂ ಎರಡು.

ಇದಕ್ಕಿಂತ ಸಾಕ್ಷಿ ಬೇಕೆ? ಸೇನಾಪತಿ, ನಿನ್ನ ಕತ್ತಿ ಬರೀ ರಟ್ಟಿನದು ಅಂದುಕೊಂಡಿದ್ದೆನಲ್ಲ.

ಫೆಬ್ರವರಿ 12. ಹೊಸನಗರ, ಲಾಡ್ಜ್

ಆಯಿತು. ಮಾಡಬಾರದ ರೀತಿಯಲ್ಲಿ ಆಯಿತು.

ಎಲ್ಲರನ್ನೂ ಮಿಲ್ಲಿಗೆ ಕರೆಸಿದ್ದೆ. ಪ್ರತಿಮಾ, ಅವರ ಅತ್ತೆ ಯಮುನಮ್ಮ, ನೆಲದ ಕಾಂಕ್ರೀಟ್ ಹಾಕಿದ ಮೇಸ್ತ್ರಿ ಮಾಸ್ತಪ್ಪ, ಸುರೇಂದ್ರ, ಅವನ ಹುಡುಗರು. ಹೊಲಿಗೆ ಕಲಿಯಲು ಬಂದ ಹೆಂಗಸರು ಕೆಲವರು ಬಾಗಿಲಲ್ಲಿ. ಅಷ್ಟು ಜನ ಎದುರಿಗೆ ನಿಂತರೆ ನನ್ನ ಕಂಠ ನನ್ನ ಮಾತು ಕೇಳುವುದಿಲ್ಲ. ಅದಕ್ಕೆ ಸಭೆ ಸಿಕ್ಕಿತು. ಇಳಿತದ ಲೆಕ್ಕ ಹೇಳಿದೆ, ಟಾರ್ಪಾಲಿನ ಅಡಿಯ ಬೀಮು ಹೇಳಿದೆ, "ಮೂವತ್ತು ಹೆಣ್ಣುಮಕ್ಕಳ ಜೀವ ಪ್ಲೈವುಡ್ಡಿನೊಳಗೆ ಮುಚ್ಚಿಟ್ಟಿದ್ದೀಯಲ್ಲ" ಎಂದೆ. ತಗಡಿನ ಮಾಡು ಗುಂಯ್ ಅಂದಿತು.

ಸುರೇಂದ್ರ ಮೊದಲು ತಮಾಷೆ ಅಂದುಕೊಂಡ. ನಕ್ಕ. ಆಮೇಲೆ ನಗು ನಿಂತಿತು.

"ಮೂರ್ತಣ್ಣ, ಆ ಬೀಮು ಕಾಲುಸಂಕದ್ದು. ಪಂಚಾಯ್ತಿ ಕೆಲಸ. ಹಳ್ಳಕ್ಕೆ ಹಾಕ್ಲಿಕ್ಕೆ ತಂದಿಟ್ಟಿದ್ದು."

"ಪೆಟ್ಟಿಗೆ ಬಿಚ್ಚು."

"ಬಿಚ್ತೀನಿ. ಅದಕ್ಕೆ ಮುಂಚೆ ಒಂದ್ ಮಾತು. ಈ ಕಡೆ ಮೆಟ್ಟಿಲು ಕೂರಿಸ್ಬೇಕಾದ್ರೆ ಕೊನೇ ಮೆಟ್ಟಿಲು ಯಾಕೋ ನಾಲ್ಕು ಬೆರಳು ಎತ್ತರ ಬಂತು. ಅದನ್ನೊಂಚೂರು ನೀವು —"

"ಮೆಟ್ಟಿಲಿನ ಕಥೆ ಬೇಡ. ಬಿಚ್ಚು."

ಬಿಚ್ಚಿದ. ಉಳಿ ಹಾಕಿ ಅವನೇ ಕಿತ್ತ. ಐದನೇ ಬೀಮು ಬೆತ್ತಲೆ ನಿಂತಿತು. ಟೇಪು ಹಿಡಿದೆ. ಮುನ್ನೂರು. ಅಂಚಿನ ದಪ್ಪಕ್ಕೆ ಕ್ಯಾಲಿಪರ್ ಹಿಡಿದೆ. ನಾನು ಬರೆದುಕೊಟ್ಟಷ್ಟೇ. ನಾಲ್ಕನೆಯದೂ ಬಿಚ್ಚಿಸಿದೆ. ಮುನ್ನೂರು.

ಮಾಸ್ತಪ್ಪ ಎಲೆಯಡಿಕೆಯ ಕವಳ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ.

ಸುರೇಂದ್ರ ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡ. "ಬರ್ತೀನಿ ಪ್ರತಿಮಕ್ಕ," ಅಂದ. "ಅಮ್ಮ, ಬರ್ತೀನಿ." ನನ್ನ ಪಕ್ಕದಲ್ಲೇ ಹಾದು ಹೋದ. ಜೀಪು ಏರಿದ.

ಲಾಡ್ಜಿನಲ್ಲಿ ಕೂತಿದ್ದೇನೆ. ಮನೆಗೆ ಹೋಗಿ ಶ್ಯಾಮಲಾಗೆ ಹೇಳುವ ಧೈರ್ಯವಿಲ್ಲ.

ಆದರೆ — ಹದಿಮೂರು ಎಲ್ಲಿಂದ ಬಂತು? ಬೀಮು ಸರಿಯಿದ್ದರೆ ಸುಳ್ಳು ಹೇಳುತ್ತಿರುವುದು ಯಾರು?

ಫೆಬ್ರವರಿ 14

ನನ್ನ ಲೆಕ್ಕ ಮತ್ತೆ ಹಾಕಿದೆ. ಸರಿಯಿದೆ. ಕಬ್ಬಿಣದ ಗುಣವೇ ಕಳಪೆಯೋ? ಕಳಪೆಯಾದರೂ ಅದರಿಂದ ಹೆಚ್ಚು ಬಾಗುವುದಿಲ್ಲ. ಒಳ್ಳೆಯ ಕಬ್ಬಿಣ, ಕೆಟ್ಟ ಕಬ್ಬಿಣ ಎರಡೂ ಬಾಗುವುದು ಒಂದೇ ಥರ, ಮುರಿಯುವಾಗ ಮಾತ್ರ ಬಣ್ಣ ಬಯಲಾಗುತ್ತದೆ. ಗೋಡೆ ಕುಸಿದಿದೆಯೋ? ಬಿರುಕಿಲ್ಲ. ಪ್ರತಿಮಾ ಮೇಲಂತಸ್ತಿನಲ್ಲಿ ಏನಾದರೂ ಪೇರಿಸಿಟ್ಟು ನನಗೆ ಕಾಣದಂತೆ ಇಳಿಸಿದರೋ? ಆ ಹೆಂಗಸು ಯಾಕೆ ಹಾಗೆ ಮಾಡಿಯಾಳು? ಗೊತ್ತಿಲ್ಲ. ಆದರೂ ಕೇಳಿದೆ.

"ಸಾರ್, ಈಗ ನನ್ನ ಸರದಿಯಾ?" ಅಂದರು ಫೋನಿನಲ್ಲಿ.

ಶ್ಯಾಮಲಾಗೆ ಯಾರೋ ಹೇಳಿದ್ದಾರೆ. ಊಟಕ್ಕೆ ಬಡಿಸಿ, "ಉಪ್ಪು ಸರಿಯಿದೆಯಾ, ಅಳೆದು ನೋಡಿ" ಅಂದಳು ಅಷ್ಟೆ.

ಫೆಬ್ರವರಿ 20. ಹೊಸನಗರ

ಸಿಕ್ಕಿತು. ಕಣ್ಣೆದುರೇ ಹರಿದು ಹೋಯಿತು.

ಮತ್ತೊಮ್ಮೆ ಅಳೆಯೋಣ ಎಂದು ಹೇಳದೆ ಕೇಳದೆ ಹೋಗಿದ್ದೆ. ಮೇಲಂತಸ್ತಿನಲ್ಲಿ ಯಮುನಮ್ಮ ಒಬ್ಬರೇ, ಸೀರೆ ಎತ್ತಿ ಕಟ್ಟಿ ಹೊಸ ಕೆಂಪು ನೆಲ ತೊಳೆಯುತ್ತಿದ್ದರು. ಐದನೇ ಬೀಮಿನ ಕಡೆ ನಿಂತು ಒಂದು ಕೊಡ ನೀರು ಚೆಲ್ಲಿದರು. ನೀರು ಸಾಲಾಗಿ ಓಡಿತು. ನಿಲ್ಲದೆ, ಹರಡದೆ, ಹಿತ್ತಿಲ ಗೋಡೆಯ ಮೂಲೆಗೆ ಹೋಗಿ ಅಲ್ಲಿದ್ದ ಪೈಪಿನಲ್ಲಿ ಇಳಿಯಿತು. ನೋಡಲು ಚೆಂದವಿತ್ತು. ನಿಂತು ನೋಡಿದೆ.

ಆಮೇಲೆ ಹೊಳೆಯಿತು. ನಾನು ಕೊಟ್ಟದ್ದು ಇಳಿಜಾರಿಲ್ಲದ ಸಮತಟ್ಟು ನೆಲ. ಬೀಮುಗಳೆಲ್ಲ ಒಂದೇ ಮಟ್ಟದಲ್ಲಿವೆ. ನೀರು ಯಾಕೆ ಓಡಬೇಕು?

"ಅಮ್ಮ, ಈ ನೆಲಕ್ಕೆ ವಾಟ ಯಾರು ಕೊಡಿಸಿದ್ದು?"

"ನಾನೇ. ಯಾಕೆ?" ತೊಳೆಯುವ ಹಿಡಿಸೂಡಿ ನೆಲಕ್ಕೂರಿ ನಿಂತರು. "ವಾಟ ಇಲ್ದಿದ್ರೆ ತೊಳಿಯದು ಹೆಂಗೆ? ಮೂವತ್ತು ಜನ ಚಪ್ಪಲಿ ಹಾಕ್ಕೊಂಡು ಓಡಾಡೋ ಜಾಗ. ನಿಮ್ಮ ಮನೇಲಿ ನೆಲ ತೊಳಿಯದಿಲ್ವಾ?"

ತೊಳೆಯುತ್ತಾರೆ. ನಮ್ಮ ಸೀಮೆಯಲ್ಲಿ ಜಗುಲಿಯಿಂದ ಬಚ್ಚಲವರೆಗೆ ನೀರು ಓಡದ ನೆಲವಿಲ್ಲ.

ಮಾಸ್ತಪ್ಪನನ್ನು ಕರೆಸಿದೆ. ಅವನಿಗೆ ನನ್ನ ಗಾಬರಿಯೇ ಅರ್ಥವಾಗಲಿಲ್ಲ. "ಹೌದು ಸಾರ್, ಕೊಟ್ಟೆ. ಹಿತ್ತಿಲ ಕಡೆ ನಾಲ್ಕಿಂಚು, ಅಲ್ಲಿಂದ ಏರಿಸ್ತಾ ಬಂದು ರಸ್ತೆ ಕಡೆ ಎಂಟೂವರೆ. ಮಲೆನಾಡಲ್ಲಿ ವಾಟ ಇಲ್ದೆ ನೆಲ ಮಾಡ್ದೋನನ್ನ ಯಾರೂ ಎರಡನೇ ಸಲ ಕರಿಯಲ್ಲ."

"ಇದು ಮಣ್ಣಿನ ಮೇಲಿನ ನೆಲ ಅಲ್ಲ ಮಾರಾಯ. ಅಡಿಯಲ್ಲಿ ಭೂಮಿ ಇಲ್ಲ, ಬೀಮಿದೆ. ಡ್ರಾಯಿಂಗಿನಲ್ಲಿ ನಾಲ್ಕಿಂಚು ಅಂತ ಬರೆದಿದ್ದೆನಲ್ಲ?"

"ಬರ್ದಿದ್ರಿ. ನಾಲ್ಕಿಂಚು ಇದೆಯಲ್ಲ ಸಾರ್, ಆ ಕಡೆ."

ನಾಲ್ಕನೇ ತಾರೀಖಿನ ಅಂಕಿಗಳನ್ನು ತೆಗೆದು ನೋಡಿದೆ. ಎಂಟು, ಒಂಬತ್ತು, ಹತ್ತು, ಹನ್ನೆರಡು, ಹದಿಮೂರು. ಹಿತ್ತಿಲಿನಿಂದ ರಸ್ತೆಗೆ ಹೆಜ್ಜೆಹೆಜ್ಜೆಯಾಗಿ ಏರಿವೆ. ಮೂವರು ಸಾಧುಗಳು, ಇಬ್ಬರು ಕಳ್ಳರು ಎಂದು ವಿಂಗಡಿಸಿದ್ದು ನಾನು. ಕೊನೇ ಮೆಟ್ಟಿಲು ನಾಲ್ಕು ಬೆರಳು ಎತ್ತರ ಬಂತು ಎಂದು ಅವನು ಹೇಳಿದ್ದ. ನೆಲ ದಪ್ಪವಾಗಿದೆ ಎಂದೇ ಅದರರ್ಥ. ಅಷ್ಟು ಜನರ ನಡುವೆ ಹೇಳಿದ್ದ.

ಫೆಬ್ರವರಿ 21

ನಾಚಿಕೆ ಒಂದು ಕಡೆ ಇರಲಿ. ಲೆಕ್ಕ ಕೆಟ್ಟದಾಗಿದೆ.

ಈ ಹೆಚ್ಚುವರಿ ಕಾಂಕ್ರೀಟಿನ ಮೇಲೆ ಯಂತ್ರ, ಬೇಲು, ಜನ ಎಲ್ಲ ಬಂದರೆ ಐದನೇ ಬೀಮು ಇಪ್ಪತ್ತೊಂದು ಮಿಲಿಮೀಟರ್ ಇಳಿಯುತ್ತದೆ. ಮಿತಿ ಇಪ್ಪತ್ತು. ಅದನ್ನು ಬೇಕಾದರೆ ಕಣ್ಣುಮುಚ್ಚಿ ದಾಟಬಹುದು. ಬೆಂಡಿಂಗೂ ಗೆರೆ ದಾಟುತ್ತದೆ, ಅದನ್ನು ಹಾಗೆ ಬಿಡಲಾಗದು. ಶಿಯರ್ ಒಂದೇ ಕ್ಷೇಮ, ಕಠಾರಿ ಒರೆಯಲ್ಲಿದೆ. ತಕ್ಷಣ ಬೀಳುವುದಿಲ್ಲ. ಆದರೆ ನಾನು ಇಟ್ಟ ಭದ್ರತೆಯನ್ನು ನೆಲವೇ ತಿಂದುಬಿಟ್ಟಿದೆ. ಹಬ್ಬದ ಮುಂದೆ ಬಟ್ಟೆ ರಾಶಿ ಬಿದ್ದಾಗ, ಎಲ್ಲರೂ ಆ ಕಡೆಯ ಕಿಟಕಿಗೆ ನಿಂತಾಗ... ಬೇಡ.

ಪ್ರತಿಮಾಗೆ ಯಂತ್ರ ಏರಿಸಬೇಡಿ ಅಂದೆ. ಒಡೆದು ತೆಗೆಯುವ ಮಾತಾಡಿದೆ. ಯಮುನಮ್ಮ ಫೋನ್ ಕಿತ್ತುಕೊಂಡರು. "ನೆಲ ಒಡಿಯದಾದ್ರೆ ಮೊದಲು ನನ್ನನ್ನ ಎತ್ತಿ ಹಿತ್ತಿಲಿಗೆ ಹಾಕಿ. ಕನ್ನಡಿ ಇದ್ದಂಗಿದೆ ನೆಲ."

ಇನ್ನೊಂದು ದಾರಿಯಿದೆ. ಬೀಮನ್ನು ಜಾಕಿನಿಂದ ಮೇಲೆತ್ತಿ ಹಿಡಿದು ಕೆಳಗಿನ ಅಂಚಿಗೆ ಉದ್ದಕ್ಕೂ ದಪ್ಪ ಪ್ಲೇಟು ಬೆಸೆಯುವುದು. ಬಲ ಹೆಚ್ಚುತ್ತದೆ, ಇಳಿತ ತಗ್ಗುತ್ತದೆ. ತಲೆ ಮೇಲೆ ಮಾಡಿ ಬೆಸೆಯುವ ಕೆಲಸ, ಬೀಮು ತಿರುಚಬಾರದು. ಈ ಮೂರು ತಾಲೂಕಿನಲ್ಲಿ ಅದನ್ನು ನಾನು ಕಣ್ಣುಮುಚ್ಚಿ ಒಪ್ಪಿಸುವ ಕೈ ಒಂದೇ.

ಕಣ್ಣುಮುಚ್ಚಿ. ಬರೆಯುವಾಗಲೇ ಪೆನ್ನು ತಡವರಿಸಿತು.

ಫೆಬ್ರವರಿ 23. ತೀರ್ಥಹಳ್ಳಿಯಿಂದ ಬಂದು

ಹೆಲ್ಮೆಟ್ ತೆಗೆದೇ ಹೋದೆ.

ದಾರಿಯುದ್ದಕ್ಕೂ ಮಾತು ಹೆಣೆದಿದ್ದೆ. ಶೆಡ್ಡಿನಲ್ಲಿ ಗ್ರೈಂಡರಿನ ಸದ್ದು. ಅವನು ನಿಲ್ಲಿಸಲಿಲ್ಲ. ನಾನು ಕಂಠ ಏರಿಸಬಹುದಿತ್ತು, ಏರಿಸಲಿಲ್ಲ. ಸದ್ದು ಮುಗಿಯುವವರೆಗೆ ನಿಂತೆ.

"ತಪ್ಪಾಯ್ತು ಸುರೇಂದ್ರ. ನೆಲ ದಪ್ಪ ಇದೆ. ನೀನು ಮೆಟ್ಟಿಲಿನದು ಹೇಳಿದ್ದೆ."

"ಹೇಳಿದ್ದೆ," ಅಂದ. ಕನ್ನಡಕ ಹಣೆಗೇರಿಸಿದ. "ಎಂತ ಆಗ್ಬೇಕು ಸಾರ್?"

ಸಾರ್. ಮೂವತ್ತು ವರ್ಷ ಮೂರ್ತಣ್ಣ ಆಗಿದ್ದವನು ನಾನು.

ಪ್ಲೇಟಿನ ವಿಷಯ ಹೇಳಿದೆ. ಕೇಳಿದ, ಎರಡು ಪ್ರಶ್ನೆ ಹಾಕಿದ, ಎರಡೂ ಸರಿಯಾದ ಪ್ರಶ್ನೆ. ಮಾಡ್ತೀನಿ ಅಂದ. ಅಷ್ಟು ಸುಲಭಕ್ಕೆ ಒಪ್ಪಿದ್ದು ಯಾಕೆ? ನನ್ನ ಹಾಳು ತಲೆ ತಕ್ಷಣ ಅದನ್ನೇ ಕೇಳಿತು. ಅವನಿಗೆ ಮುಖದಲ್ಲಿ ಕಂಡಿರಬೇಕು.

"ನಿಮಗೋಸ್ಕರ ಅಲ್ಲ," ಅಂದ. "ನಮ್ಮ ದೀಪಶ್ರೀ ಅತ್ತಿಗೆ ಅಲ್ಲಿ ಹೊಲಿಗೆಗೆ ಸೇರಿದಾರೆ. ಐದನೇ ಬೀಮಿನ ಮೇಲೇ ಅವರ ಮಷೀನು ಬರೋದು. ಅವತ್ತು ನೀವು ಭಾಷಣ ಮಾಡ್ತಿದ್ರಲ್ಲ, ಬಾಗಿಲಲ್ಲಿ ನಿಂತಿದ್ರು."

ನಾಟಕದ ಪ್ರಾಕ್ಟೀಸು ಯಾವಾಗಿಂದ ಎಂದು ಕೇಳಿದೆ, ಏನಾದರೂ ಕೇಳಬೇಕಲ್ಲ ಎಂದು. "ಈ ವರ್ಷ ನಂಗೆ ಪುರ್ಸೊತ್ತಿಲ್ಲ. ಬೇರೆ ಯಾರಿಗಾದ್ರೂ ಹೇಳಿ," ಅಂದ. ಗ್ರೈಂಡರ್ ಮತ್ತೆ ಹತ್ತಿತು.

ಮಾರ್ಚ್ 3

ಪ್ಲೇಟು ಬೆಸೆದಾಯಿತು, ನಾಲ್ಕಕ್ಕೂ ಐದಕ್ಕೂ. ಎರಡು ದಿನ ಪಕ್ಕದಲ್ಲೇ ನಿಂತಿದ್ದೆ. ಕಲಿಯಲು ನಿಂತವನ ಹಾಗೆ. ಅವನಿಗೂ ಗೊತ್ತು, ನನಗೂ ಗೊತ್ತು. ಪ್ರತಿ ಬೆಸುಗೆ ಆರಿದ ಮೇಲೆ ಏಣಿಯಿಂದ ಇಳಿದು, ನಾನು ಹತ್ತಲು ಜಾಗ ಬಿಟ್ಟು ನಿಲ್ಲುತ್ತಿದ್ದ. ಹತ್ತಿ ನೋಡಬೇಡ ಎಂದು ಪ್ರತಿ ಸಲ ಅಂದುಕೊಂಡೆ. ಪ್ರತಿ ಸಲ ಹತ್ತಿದೆ.

ಒಂದು ಕಡೆಯೂ ತಪ್ಪಿಲ್ಲ.

ಶ್ಯಾಮಲಾ ಕೇಳಿದಳು, "ಅವನು ಕಾಫಿಗಾದ್ರೂ ನಿಮ್ಮ ಜೊತೆ ಕೂತ್ನಾ?"

ಇಲ್ಲ.

ಮಾರ್ಚ್ 6. ಮಿಲ್ಲಿನ ಮೇಲಂತಸ್ತು, ಮಧ್ಯಾಹ್ನ

ಲೋಡ್ ಟೆಸ್ಟು. ಐದನೇ ಬೀಮಿನ ಮೇಲೆ ಎರಡು ಸಾಲು ಡ್ರಮ್ಮು ಜೋಡಿಸಿದ್ದೇವೆ, ಪೈಪಿನಲ್ಲಿ ನೀರು ಬಿಟ್ಟಿದ್ದೇವೆ. ನೀರೇ ಯಂತ್ರ, ನೀರೇ ಹೆಂಗಸರು. ತುಂಬಲು ಹೊತ್ತು ಹಿಡಿಯುತ್ತದೆ. ಅದಕ್ಕೇ ಇದನ್ನು ಇಲ್ಲೇ ಕೂತು ಬರೆಯುತ್ತಿದ್ದೇನೆ.

ಡ್ರಮ್ಮು ಒಂದೇ ಸಮ ತುಂಬುತ್ತಿದೆಯೇ ಎಂದು ನೋಡಲು ಮೇಲೆ ಒಬ್ಬರಿರಬೇಕು. ಕೆಳಗೆ, ಬೀಮಿನ ಅಡಿ, ಅಳತೆಪಟ್ಟಿ ಓದಲು ಒಬ್ಬರು. ಬೀಮಿಗೆ ತಾಗದಂತೆ ಒಂದಿಂಚು ಕೆಳಗೆ ಆಸರೆ ಕಂಬ ನಿಲ್ಲಿಸಿದ್ದೇವೆ, ಅಪಾಯಕ್ಕೆ. ಕೆಳಗೆ ನಾನಿರುತ್ತೇನೆ ಅಂದೆ.

"ಬೇಡ," ಅಂದ ಸುರೇಂದ್ರ. "ನನ್ನ ಬೆಸುಗೆ. ಕೆಳಗೆ ನಾನಿರ್ತೀನಿ. ನಾನು ಓದಿ ಕೂಗ್ತೀನಿ, ನೀವು ಬರ್ಕೊಳ್ಳಿ."

ನನ್ನ ಲೆಕ್ಕದಂತೆ ಪೂರ್ತಿ ತುಂಬಿದಾಗ ಆರು ಮಿಲಿಮೀಟರ್ ಇಳಿಯಬೇಕು. ಏಳು ದಾಟಿದರೆ ಟೆಸ್ಟು ಫೇಲು, ಓಪನಿಂಗೂ ಇಲ್ಲ, ಯಂತ್ರವೂ ಇಲ್ಲ.

ಅರ್ಧ ತುಂಬಿದಾಗ ಕೂಗಿದ — "ಮೂರು." ನಾನು ನೀರು ಕುಡಿಯುವ ನೆಪ ಮಾಡಿ ಕೆಳಗಿಳಿದೆ. ಅಳತೆಪಟ್ಟಿಯ ಕಡೆ ಕಣ್ಣು ಹಾಯಿಸಿದೆ. ಮೂರೇ.

"ಕುಡಿಯೋ ನೀರು ಮೇಲೇ ಇತ್ತಲ್ಲ ಸಾರ್," ಅಂದ. ತಲೆ ಎತ್ತಲಿಲ್ಲ.

ಮತ್ತೆ ಮೇಲೆ ಬಂದಿದ್ದೇನೆ. ಯಮುನಮ್ಮ ಮೆಟ್ಟಿಲಿನ ತಲೆಯಲ್ಲಿ ಕಾಲು ಚಾಚಿ ಕೂತು ಕವಳ ಹಾಕುತ್ತಿದ್ದಾರೆ. "ಇನ್ನು ಯಾರೂ ಹತ್ತದು ಇಳಿಯದು ಬೇಡ, ನೆಲ ಕೆಸರು," ಅಂದರು. ಪ್ರತಿಮಾ ಪೈಪು ಹಿಡಿದಿದ್ದಾರೆ. ದೀಪಶ್ರೀ ಕಿಟಕಿಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಾರೆ. ಟೆಸ್ಟ್ ರಿಪೋರ್ಟು ತೊಡೆಯ ಮೇಲೆ, ಈ ಪುಸ್ತಕದ ಅಡಿ. ಒಂದೇ ಕಲಂ ಖಾಲಿ.

ಕೊನೆಯ ಡ್ರಮ್ಮು ಕಂಠಮಟ್ಟ. ಪ್ರತಿಮಾ ನಲ್ಲಿ ನಿಲ್ಲಿಸಿದರು.

ಕೆಳಗಿನಿಂದ ಧ್ವನಿ ಬಂತು. "ಆರು."

ಆಮೇಲೆ, ಸ್ವಲ್ಪ ಬಿಟ್ಟು — "ಬರ್ಕೊಂಡ್ರಾ?"

ಬರ್ಕೊಂಡೆ ಅಂದೆ. ಬರೆದಿಲ್ಲ. ಇದನ್ನು ಬರೆಯುತ್ತಿದ್ದೇನೆ. ಯಮುನಮ್ಮ ಕಾಲು ಮಡಚಿ ದಾರಿ ಬಿಟ್ಟು ನನ್ನ ಮುಖ ನೋಡುತ್ತಿದ್ದಾರೆ, ಇಳಿಯುತ್ತೀರಾ ಎನ್ನುವಂತೆ. ನಾನು —